ಕರ್ತನ ಮೇಜು ಮತ್ತು ಸಂಧಾನ: ದಕ್ಷಿಣ ಆಫ್ರಿಕಾದ ಚರ್ಚುಗಳ ಅನುಭವ

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಸರಕಾರದ ಅಧಿಕೃತ ನೀತಿಯಾದದ್ದು 1948ರಲ್ಲಿ. ಅದಕ್ಕೂ ತೊಂಬತ್ತು ವರ್ಷ ಮೊದಲೇ ಅಲ್ಲಿನ ಒಂದು ಚರ್ಚು ಜನರನ್ನು ಬಣ್ಣ ನೋಡಿ ಬೇರೆಬೇರೆ ಕೂರಿಸಲು ಒಪ್ಪಿಗೆ ಕೊಟ್ಟಿತ್ತು, ಅದೂ ಕರ್ತನ ಭೋಜನದ ಮೇಜಿನ ಬಳಿ. ಕೇಪ್ ವಸಾಹತಿನ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ 1829ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಾಗ ಕರ್ತನ ಭೋಜನವನ್ನು ಬಣ್ಣದ ಭೇದವಿಲ್ಲದೆ ಎಲ್ಲರಿಗೂ ಒಟ್ಟಿಗೆ ಕೊಡಬೇಕು, ಇದು ದೇವರ ವಾಕ್ಯದ ಮೇಲೆ ನಿಂತ ಕದಲದ ತತ್ವ ಎಂದು ತೀರ್ಮಾನಿಸಿತ್ತು. 1857ರ ಮಹಾಸಭೆ ಅದೇ ತತ್ವವನ್ನು ಬಾಯಲ್ಲಿ ಉಳಿಸಿಕೊಂಡು ನಡೆಯಲ್ಲಿ ಕೈಬಿಟ್ಟಿತು. ಎಲ್ಲರೂ ಒಂದೇ ಸಭೆಯಲ್ಲಿ ಸೇರುವುದೇ ಬೈಬಲಿಗೆ ಒಪ್ಪುವ ಮಾತು ಎಂದ ಮೇಲೆ, ಕೆಲವರ ದೌರ್ಬಲ್ಯದಿಂದಾಗಿ ಅದು ತೊಡಕಾಗುವ ಕಡೆ ಕ್ರೈಸ್ತರಾದ ಸ್ಥಳೀಯರು ಬೇರೆ ಕಟ್ಟಡದಲ್ಲಿ ಆರಾಧನೆ ನಡೆಸಬಹುದು ಎಂದು ಸೇರಿಸಿತು. ಆ ದೌರ್ಬಲ್ಯ ಬಿಳಿಯರದು. ಅದರ ದಂಡ ಕಟ್ಟಿದವರು ಕರಿಯರು ಮತ್ತು ಮಿಶ್ರಮೂಲದ ಜನರು.

ತಾತ್ಕಾಲಿಕವೆಂದು ಕೊಟ್ಟ ಸಡಿಲಿಕೆ ಒಂದು ತಲೆಮಾರಿನೊಳಗೆ ನಿಯಮವಾಯಿತು. 1881ರಲ್ಲಿ ಮಿಶ್ರಮೂಲದವರಿಗಾಗಿ ಡಚ್ ರಿಫಾರ್ಮ್ಡ್ ಮಿಷನ್ ಚರ್ಚು ಹುಟ್ಟಿತು. ಮುಂದೆ ಕರಿಯರಿಗೊಂದು ಚರ್ಚು, 1968ರಲ್ಲಿ ಭಾರತೀಯ ಮೂಲದವರಿಗೆ ಇನ್ನೊಂದು. ಒಂದೇ ವಿಶ್ವಾಸಪ್ರಮಾಣ, ಒಂದೇ ಆರಾಧನಾ ಕ್ರಮ ಇದ್ದ ಕುಟುಂಬದಲ್ಲಿ ನಾಲ್ಕು ಒಲೆಗಳು ಹೂಡಿಕೊಂಡವು. 1948ರಲ್ಲಿ ಪ್ರಧಾನಿಯಾದ ಡಿ. ಎಫ್. ಮಲಾನ್ ರಾಜಕೀಯಕ್ಕೆ ಬರುವ ಮೊದಲು ಇದೇ ಚರ್ಚಿನ ಪಾದ್ರಿಯಾಗಿದ್ದವರು. ಬೇರೆಬೇರೆ ಜನಾಂಗಗಳನ್ನು ಸೃಷ್ಟಿಸಿದವನು ದೇವರೇ ಆದ್ದರಿಂದ ಅವು ಬೆರೆಯದಂತೆ ಕಾಯುವುದು ದೇವರ ಚಿತ್ತ ಎಂಬ ವಾದವನ್ನು ಬಾಬೆಲಿನ ಗೋಪುರದ ಕಥೆಯಿಂದ ಎಳೆದು ತರಲಾಯಿತು. ಹೀಗೆ ಆರಾಧನೆಯಲ್ಲಿ ರೂಢಿಯಾಗಿದ್ದ ವಿಂಗಡಣೆಗೆ ದೇವಶಾಸ್ತ್ರ ಆಮೇಲೆ ಬಂದು ಬೆನ್ನು ಕೊಟ್ಟಿತು. ಈ ಕಾಲಕ್ರಮ ಮುಖ್ಯವಾದದ್ದು. ಜನ ಮೊದಲು ಬೇರೆಬೇರೆ ಮೇಜುಗಳಲ್ಲಿ ರೊಟ್ಟಿ ಮುರಿಯುವುದನ್ನು ಅಭ್ಯಾಸ ಮಾಡಿಕೊಂಡರು, ಅದು ಸರಿಯೆಂಬ ಸಿದ್ಧಾಂತವನ್ನು ನಂತರ ಕಂಡುಕೊಂಡರು. ಆದ್ದರಿಂದಲೇ ಈ ದೇಶದಲ್ಲಿ ಸಂಧಾನದ ಪ್ರಶ್ನೆಯನ್ನು ಆರಾಧನೆಯಿಂದ ಬಿಡಿಸಿ ನೋಡಲು ಬರುವುದಿಲ್ಲ.

ಕ್ರೈಸ್ತ ಆರಾಧನೆಗೆ ಒಂದು ಒಳಗಿನ ಕ್ರಮವಿದೆ. ಪಾಪನಿವೇದನೆ, ಕ್ಷಮೆಯ ಘೋಷಣೆ, ವಾಕ್ಯ, ಪ್ರಾರ್ಥನೆ, ಒಬ್ಬರಿಗೊಬ್ಬರು ಸಮಾಧಾನ ಹಂಚಿಕೊಳ್ಳುವುದು, ಆಮೇಲೆ ಕರ್ತನ ಭೋಜನ. ಸಭೆಯಿಂದ ಸಭೆಗೆ ಹಿಂದುಮುಂದಾದರೂ ಪಾಪನಿವೇದನೆಯೂ ಸಮಾಧಾನವೂ ಮೇಜಿಗಿಂತ ಮೊದಲು ಬರುತ್ತವೆ. ಇದರ ಬೇರು ಬೆಟ್ಟದ ಪ್ರಸಂಗದಲ್ಲಿದೆ. ಕಾಣಿಕೆ ತಂದವನಿಗೆ ತನ್ನ ಮೇಲೆ ಸಹೋದರನ ದೂರು ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗಬೇಕು ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಹೇಳುತ್ತದೆ. ಆರಾಧನೆಯನ್ನೇ ನಡುವೆ ನಿಲ್ಲಿಸಿ ಎದ್ದು ಹೋಗು ಎಂಬಷ್ಟು ಕಟುವಾದ ಆಜ್ಞೆ ಇದು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ತೇಗಿ, ಇಲ್ಲದವರು ಹಸಿದೇ ಉಳಿದದ್ದನ್ನು ಕಂಡ ಪೌಲನು ಅವರು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲವೆಂದು ಗದರಿದನು. ಎಫೆಸದವರಿಗೆ ಬರೆದ ಪತ್ರದಲ್ಲಿ ಯೆಹೂದ್ಯರಿಗೂ ಅನ್ಯರಿಗೂ ನಡುವಿದ್ದ ಅಡ್ಡಗೋಡೆಯನ್ನು ಕ್ರಿಸ್ತನ ಶಿಲುಬೆ ಕೆಡವಿತೆಂಬ ಮಾತಿದೆ. ಗೋಡೆ ಈಗಾಗಲೇ ಬಿದ್ದಿದೆ ಎಂಬುದು ವಿಶ್ವಾಸದ ಮಾತು. ಅದನ್ನು ಮತ್ತೆ ಕಟ್ಟುವುದು ಸಾಮಾಜಿಕ ತಪ್ಪಷ್ಟೇ ಆಗಿ ಉಳಿಯದೆ ಸುವಾರ್ತೆಯ ನಿರಾಕರಣೆಯಾಗುತ್ತದೆ ಎಂಬುದು ಅದರಿಂದ ಹೊರಡುವ ತೀರ್ಮಾನ. ದಕ್ಷಿಣ ಆಫ್ರಿಕಾದ ವಿಭಜಿತ ಚರ್ಚುಗಳ ಒಳಗಿನಿಂದ ಎದ್ದ ಪ್ರತಿಭಟನೆ ಈ ತೀರ್ಮಾನವನ್ನೇ ಹಿಡಿದು ನಡೆಯಿತು.

ಸಮಾಧಾನ ಹಂಚಿಕೊಳ್ಳುವ ಪದ್ಧತಿಗೆ ಭಾರತದ ನಂಟೂ ಇದೆ. ಪಾಶ್ಚಾತ್ಯ ಆರಾಧನೆಯಲ್ಲಿ ಅದು ಶತಮಾನಗಳ ಹಿಂದೆಯೇ ಪಾದ್ರಿಯ ಬಾಯಿಮಾತಾಗಿ ಒಣಗಿಹೋಗಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಇಂದು ಕರ್ನಾಟಕದ ಮೂರು ಸಭಾಪ್ರಾಂತಗಳೂ ಅದರೊಳಗಿವೆ. ಆ ಸಭೆ 1950ರಲ್ಲಿ ತಂದ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಸುರಿಯಾನಿ ಕ್ರೈಸ್ತರ ರೂಢಿಯಿಂದ ಪಡೆದ ಕೈಯಿಂದ ಕೈಗೆ ಸಮಾಧಾನ ದಾಟಿಸುವ ಆಚರಣೆ ಸೇರಿತು. ಮುಂದಿನ ದಶಕಗಳಲ್ಲಿ ಇಂಗ್ಲಿಷ್ ಮಾತನಾಡುವ ದೇಶಗಳ ಅನೇಕ ಸಭೆಗಳು ಆರಾಧನಾ ಕ್ರಮಗಳನ್ನು ಹೊಸದಾಗಿ ಬರೆದಾಗ ಈ ಮಾದರಿಯನ್ನು ಮುಂದಿಟ್ಟುಕೊಂಡವು. ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಸಭೆಯ 1989ರ ಪ್ರಾರ್ಥನಾ ಪುಸ್ತಕದಲ್ಲೂ ಸಮಾಧಾನದ ಆಚರಣೆಗೆ ಜಾಗವಿದೆ. ಪಕ್ಕದವನ ಕೈ ಮುಟ್ಟುವುದು ಚಿಕ್ಕ ಕ್ರಿಯೆಯಂತೆ ಕಾಣಬಹುದು. ಮೈಬಣ್ಣ ನೋಡಿ ಬಸ್ಸು, ಬೆಂಚು, ಸಮುದ್ರದ ದಂಡೆಯನ್ನೂ ಹಂಚಿಕೊಟ್ಟಿದ್ದ ದೇಶದಲ್ಲಿ ಅದು ಚಿಕ್ಕದಾಗಿರಲಿಲ್ಲ.

ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚಿನೊಳಗಿಂದ ಎದ್ದ ದೊಡ್ಡ ದನಿ ಪಾದ್ರಿ ಬೇಯರ್ಸ್ ನೌಡೆಯವರದು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದರು. ಆ ವರ್ಷದ ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನ ಕಾಟೆಸ್ಲೊದಲ್ಲಿ ವಿಶ್ವ ಚರ್ಚುಗಳ ಮಂಡಳಿಯ ದಕ್ಷಿಣ ಆಫ್ರಿಕಾದ ಸದಸ್ಯ ಸಭೆಗಳು ಕೂಡಿ, ಕ್ರಿಸ್ತನನ್ನು ನಂಬುವ ಯಾರನ್ನೂ ಬಣ್ಣದ ಕಾರಣಕ್ಕೆ ಯಾವ ಸಭೆಯಿಂದಲೂ ಹೊರಗಿಡಬಾರದೆಂದು ಹೇಳಿದವು. ಪ್ರಧಾನಿ ವೆರ್‌ವುರ್ಡ್ ಸಿಟ್ಟಾದರು. ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆಗಳು ತಮ್ಮ ಪ್ರತಿನಿಧಿಗಳು ಒಪ್ಪಿಬಂದ ಮಾತನ್ನೇ ತಳ್ಳಿಹಾಕಿ ವಿಶ್ವ ಮಂಡಳಿಯಿಂದ ಹೊರಬಿದ್ದವು. ಆದರೆ ಆ ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದ ನೌಡೆ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. 1963ರಲ್ಲಿ ಎಲ್ಲ ವರ್ಣದ ಕ್ರೈಸ್ತರಿಗಾಗಿ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಶುರು ಮಾಡಿ ಪಾದ್ರಿಯ ಸ್ಥಾನ ಕಳೆದುಕೊಂಡರು. 1977ರಿಂದ 1984ರವರೆಗೆ ಸರಕಾರದ ನಿರ್ಬಂಧ ಆಜ್ಞೆಯಡಿ ಬಾಯಿಕಟ್ಟಿಸಿಕೊಂಡು ಬದುಕಿದರು.

ನಿರ್ಣಾಯಕ ತಿರುವು ಬಂದದ್ದು 1982ರಲ್ಲಿ, ಮತ್ತೆ ಕರ್ತನ ಭೋಜನದ ಸುತ್ತಲೇ. ಕೆನಡಾದ ಒಟ್ಟಾವಾದಲ್ಲಿ ಸೇರಿದ್ದ ರಿಫಾರ್ಮ್ಡ್ ಚರ್ಚುಗಳ ವಿಶ್ವ ಒಕ್ಕೂಟದ ಮಹಾಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾದ ಕರಿಯ ಮತ್ತು ಮಿಶ್ರಮೂಲದ ಪ್ರತಿನಿಧಿಗಳು ಬಿಳಿಯ ಪ್ರತಿನಿಧಿಗಳ ಜೊತೆ ಕರ್ತನ ಭೋಜನದಲ್ಲಿ ಪಾಲುಗೊಳ್ಳಲು ನಿರಾಕರಿಸಿದರು. ಸ್ವದೇಶದಲ್ಲಿ ಒಂದೇ ಮೇಜಿಗೆ ಬರಗೊಡದವರ ಜೊತೆ ವಿದೇಶದಲ್ಲಿ ಕೂರುವುದು ಸುಳ್ಳಾಗುತ್ತದೆ ಎಂಬುದು ಅವರ ನಿಲುವು. ಮುನಿಸಿನಿಂದ ಹುಟ್ಟಿದ ಬಹಿಷ್ಕಾರವೆಂದು ಇದನ್ನು ಓದಿದರೆ ತಪ್ಪಾದೀತು. ಮತ್ತಾಯನ ಸುವಾರ್ತೆಯ ಆಜ್ಞೆಯನ್ನು ಅಕ್ಷರಶಃ ಪಾಲಿಸಿದವರು ಅವರೇ. ಒಕ್ಕೂಟವು ವರ್ಣಭೇದ ನೀತಿಯ ದೇವಶಾಸ್ತ್ರೀಯ ಸಮರ್ಥನೆ ಪಾಷಂಡವೆಂದು ಸಾರಿ ಎರಡು ಬಿಳಿಯ ಚರ್ಚುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಮಿಷನ್ ಚರ್ಚಿನ ಪಾದ್ರಿ ಅಲನ್ ಬೂಸಾಕ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು.

ಅದೇ ವರ್ಷ ಮಿಷನ್ ಚರ್ಚಿನ ಮಹಾಸಭೆ ಕೇಪ್ ಟೌನಿನ ಬೆಲ್ಹಾರ್‌ನಲ್ಲಿ ಸೇರಿ ಹೊಸ ವಿಶ್ವಾಸಪ್ರಮಾಣವೊಂದರ ಕರಡನ್ನು ಒಪ್ಪಿತು. 1986ರಲ್ಲಿ ಅಂಗೀಕಾರವಾದ ಅದು ಬೆಲ್ಹಾರ್ ವಿಶ್ವಾಸಪ್ರಮಾಣವೆಂದು ಹೆಸರಾಗಿದೆ. ಬೆಲ್ಹಾರ್ ಬಡಾವಣೆಯೇ ಮಿಶ್ರಮೂಲದವರನ್ನು ನಗರದ ಅಂಚಿಗೆ ತಳ್ಳಿದ ಕಾಯಿದೆಯ ಕೂಸು. ಹಿಟ್ಲರನ ಕಾಲದಲ್ಲಿ ಜರ್ಮನಿಯ ಕ್ರೈಸ್ತರು 1934ರಲ್ಲಿ ಹೊರಡಿಸಿದ ಬಾರ್ಮೆನ್ ಘೋಷಣೆಯ ಮಾದರಿ ಈ ಪ್ರಮಾಣದ ಹಿಂದಿದೆ. ಸಭೆಯ ಐಕ್ಯ, ಸಂಧಾನ, ನ್ಯಾಯ ಈ ಮೂರನ್ನೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಜನರು ಒಂದಾಗಲಾರರು ಎಂಬ ಊಹೆಯ ಮೇಲೆ ಕಟ್ಟಿದ ಯಾವ ಬೋಧನೆಯನ್ನೂ ತಿರಸ್ಕರಿಸುತ್ತದೆ. ದೇವರು ವಿಶೇಷವಾಗಿ ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರು ಎಂದು ಒಪ್ಪಿಕೊಳ್ಳುತ್ತದೆ. ಅದರ ಜೊತೆಗೆ ಒಂದು ಪತ್ರವೂ ಇದೆ. ಈ ಪ್ರಮಾಣ ಯಾವ ವ್ಯಕ್ತಿಗಳ ಮೇಲಿನ ಆಯುಧವೂ ಅಲ್ಲವೆಂದೂ, ಸುಳ್ಳು ಬೋಧನೆಯ ವಿರುದ್ಧ ಬರೆದದ್ದೆಂದೂ, ಬರೆದವರು ತಾವೂ ತಪ್ಪಿನಲ್ಲಿ ಪಾಲುಗಾರರಾಗಿರಬಹುದೆಂದೂ ಅದು ಹೇಳುತ್ತದೆ. ತುಳಿತಕ್ಕೊಳಗಾದವರು ತುಳಿದವರಿಗೆ ಬರೆದ ಪತ್ರಗಳಲ್ಲಿ ಇಷ್ಟು ಗಟ್ಟಿಯಾದದ್ದೂ ಇಷ್ಟು ಮೃದುವಾದದ್ದೂ ಸಿಗುವುದು ಅಪರೂಪ. ಮಿಷನ್ ಚರ್ಚೂ ಕರಿಯರ ಚರ್ಚೂ 1994ರ ಏಪ್ರಿಲ್‌ನಲ್ಲಿ, ದೇಶದ ಮೊದಲ ಸರ್ವಜನ ಚುನಾವಣೆಗೆ ಎರಡು ವಾರ ಮೊದಲು, ಬೆಲ್ಹಾರ್‌ನಲ್ಲೇ ಕೂಡಿ ಯುನೈಟಿಂಗ್ ರಿಫಾರ್ಮ್ಡ್ ಚರ್ಚ್ ಆದವು. ಅಮೆರಿಕದ ಕೆಲವು ರಿಫಾರ್ಮ್ಡ್ ಸಭೆಗಳೂ ಮುಂದೆ ಈ ಪ್ರಮಾಣವನ್ನು ತಮ್ಮದಾಗಿಸಿಕೊಂಡವು. ಯಾರನ್ನು ಉದ್ದೇಶಿಸಿ ಬರೆದದ್ದೋ ಆ ಬಿಳಿಯ ಚರ್ಚು ಮಾತ್ರ ಅದನ್ನು ತನ್ನ ವಿಶ್ವಾಸದ ಆಧಾರಗಳಲ್ಲಿ ಸೇರಿಸಿಕೊಳ್ಳಲಿಲ್ಲ. 2015ರಲ್ಲಿ ಮತಕ್ಕೆ ಹಾಕಿದಾಗ ಬೇಕಾದಷ್ಟು ಬಹುಮತ ಬರಲಿಲ್ಲ.

ಸಂಧಾನದ ಮಾತೇ ಅನ್ಯಾಯಕ್ಕೆ ಹೊದಿಕೆಯಾಗಬಲ್ಲದು ಎಂಬ ಎಚ್ಚರಿಕೆ 1985ರ ಸೆಪ್ಟೆಂಬರಿನಲ್ಲಿ ಬಂದ ಕೈರೋಸ್ ದಸ್ತಾವೇಜಿನದು. ತುರ್ತು ಪರಿಸ್ಥಿತಿ ಜಾರಿಯಾಗಿ, ಬಡಾವಣೆಗಳಲ್ಲಿ ಸೈನಿಕರು ತಿರುಗುತ್ತಿದ್ದ ದಿನಗಳು. 150ಕ್ಕೂ ಹೆಚ್ಚು ಕ್ರೈಸ್ತರು ಸಹಿ ಹಾಕಿದ ಆ ದಸ್ತಾವೇಜು ದೇವಶಾಸ್ತ್ರವನ್ನು ಮೂರು ಬಗೆಯಾಗಿ ನೋಡಿತು: ಪ್ರಭುತ್ವವನ್ನು ಸಮರ್ಥಿಸುವುದು, ಚರ್ಚುಗಳ ನಯನಾಜೂಕಿನದು, ಪ್ರವಾದಿಗಳದು. ಅದರ ಕಠಿಣ ಟೀಕೆ ಎರಡನೆಯದರ ಮೇಲೆ. ಎರಡೂ ಪಕ್ಷಗಳು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ರಾಜಿಯಾಗಬೇಕೆಂಬ ಉಪದೇಶ ನೆರೆಹೊರೆಯ ಜಗಳಕ್ಕೆ ಸಲ್ಲಬಹುದು, ಒಂದು ಕಡೆ ಬಂದೂಕು ಇನ್ನೊಂದು ಕಡೆ ಬರಿಗೈ ಇರುವಲ್ಲಿ ಸಲ್ಲದು. ತಪ್ಪೊಪ್ಪಿಗೆ ಇಲ್ಲದೆ, ಅನ್ಯಾಯ ನಿಲ್ಲದೆ, ಕ್ಷಮಿಸಿ ಎಂದು ನೊಂದವರನ್ನು ಕೇಳುವುದೇ ಪಾಪ ಎನ್ನುವಷ್ಟರ ಮಟ್ಟಿಗೆ ಅದು ಹೋಯಿತು. ಅಂದು ಈ ಮಾತು ಅನೇಕ ಬಿಷಪ್ಪರಿಗೂ ಇರುಸುಮುರುಸು ತಂದಿತು. ಇಂದು ಓದಿದರೆ ಅದರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಆ ತಪ್ಪೊಪ್ಪಿಗೆ ಸಾರ್ವಜನಿಕವಾಗಿ ಕೇಳಿಬಂದದ್ದು 1990ರ ನವೆಂಬರಿನಲ್ಲಿ ರಸ್ಟೆನ್‌ಬರ್ಗ್‌ನ ಚರ್ಚುಗಳ ಸಮಾವೇಶದಲ್ಲಿ. ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ದೇವಶಾಸ್ತ್ರ ಪ್ರಾಧ್ಯಾಪಕ ವಿಲಿ ಯೋಂಕರ್ ತಮ್ಮ ಭಾಷಣದ ನಡುವೆ ತಮ್ಮ ಪರವಾಗಿಯೂ, ತಮ್ಮ ಚರ್ಚು ಮತ್ತು ಬಿಳಿಯ ಆಫ್ರಿಕಾನರ್ ಜನರ ಪರವಾಗಿಯೂ ಪಾಪ ಅರಿಕೆ ಮಾಡಿಕೊಂಡರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದನ್ನು ಸ್ವೀಕರಿಸಿದರು. ಸಮಾವೇಶ ಅಲ್ಲಿಗೆ ತಣ್ಣಗಾಗಲಿಲ್ಲ. ಇಷ್ಟು ಬೇಗ ಕ್ಷಮಿಸಲು ಎಲ್ಲರ ಪರವಾಗಿ ಯಾರಿಗೆ ಅಧಿಕಾರವಿದೆ ಎಂದು ಕೆಲವು ಕರಿಯ ಪ್ರತಿನಿಧಿಗಳು ಕೇಳಿದರು. ಮಾಜಿ ರಾಷ್ಟ್ರಾಧ್ಯಕ್ಷ ಪಿ. ಡಬ್ಲ್ಯೂ. ಬೋಥಾ ಯೋಂಕರ್ ಮಾತಿಗೆ ಆಕ್ಷೇಪವೆತ್ತಿ ಫೋನ್ ಮಾಡಿದರು. ಡಚ್ ರಿಫಾರ್ಮ್ಡ್ ಚರ್ಚಿನ ನಿಯೋಗವು ಯೋಂಕರ್ ಹೇಳಿದ್ದು ತನ್ನ ಚರ್ಚಿನ ಮಾತೂ ಹೌದೆಂದು ದೃಢಪಡಿಸಬೇಕಾಯಿತು. ಬಣ್ಣ ನೋಡದೆ ಸದಸ್ಯತ್ವ ಕೊಡಬಹುದೆಂದು 1986ರಲ್ಲಿ ಒಪ್ಪಿಕೊಂಡಿದ್ದಕ್ಕೇ ಆ ಚರ್ಚಿನ ಒಂದು ಪಂಗಡ ಸಿಡಿದು ಮರುವರ್ಷ ಬಿಳಿಯರದೇ ಬೇರೆ ಚರ್ಚು ಕಟ್ಟಿಕೊಂಡಿತ್ತು ಎಂಬುದನ್ನು ನೆನೆದರೆ, ಯೋಂಕರ್ ತೆಗೆದುಕೊಂಡ ಅಪಾಯದ ತೂಕ ತಿಳಿಯುತ್ತದೆ.

ವರ್ಣಭೇದ ಕಾಲದ ದೌರ್ಜನ್ಯಗಳ ವಿಚಾರಣೆಗೆಂದು 1995ರ ಕಾಯಿದೆಯಿಂದ ಹುಟ್ಟಿದ ಸತ್ಯ ಮತ್ತು ಸಂಧಾನ ಆಯೋಗ ಸರಕಾರದ ಸಂಸ್ಥೆ. ಅದರ ಅಧ್ಯಕ್ಷರು ಟುಟು, ಉಪಾಧ್ಯಕ್ಷ ಅಲೆಕ್ಸ್ ಬೊರೇನ್ ಒಂದು ಕಾಲದ ಮೆಥಡಿಸ್ಟ್ ಪಾದ್ರಿ. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಎಂಬ ಬಂದರು ನಗರದ ಪುರಭವನದಲ್ಲಿ ಮೊದಲ ವಿಚಾರಣೆ ತೆರೆದದ್ದು ಪ್ರಾರ್ಥನೆ, ದೀಪ ಮತ್ತು ಹಾಡಿನಿಂದ. ಹಾಡಿದ್ದು ಕರಿಯರಲ್ಲಿ ಮೊದಲು ದೀಕ್ಷೆ ಪಡೆದ ಪಾದ್ರಿಗಳಲ್ಲೊಬ್ಬರಾದ ಟಿಯೊ ಸೋಗಾ 19ನೇ ಶತಮಾನದಲ್ಲಿ ಕ್ಸೋಸಾ ಭಾಷೆಯಲ್ಲಿ ರಚಿಸಿದ ಕೀರ್ತನೆ. ಟುಟು ಬಿಷಪ್ಪರ ನೇರಳೆ ನಿಲುವಂಗಿಯಲ್ಲೇ ಕೂತಿದ್ದರು. ಸಾಕ್ಷಿ ಹೇಳಲು ಬಂದವರು ಒಳಗೆ ಬರುವಾಗ ಸಭೆ ಎದ್ದು ನಿಲ್ಲುತ್ತಿತ್ತು. ಚಿತ್ರಹಿಂಸೆಯಿಂದ ಗಾಲಿಕುರ್ಚಿ ಹಿಡಿದಿದ್ದ ಮಾಜಿ ಕೈದಿಯೊಬ್ಬರು ಮಾತು ಹೊರಡದೆ ಅತ್ತಾಗ ಅಧ್ಯಕ್ಷರೂ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಬೈಬಲಿನ ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಪ್ರಲಾಪಗಳೇ ಇವೆ. ದೇವರನ್ನೇ ನಿಲ್ಲಿಸಿ ಎಲ್ಲಿಯವರೆಗೆ ಎಂದು ಕೇಳುವ ಆ ಮಾತುಗಳನ್ನು ನೆಮ್ಮದಿಯ ಸಭೆಗಳು ಓದುವುದು ಕಡಿಮೆ. ಆಯೋಗದ ಪುರಭವನಗಳಲ್ಲಿ ಪ್ರಲಾಪ ತನ್ನ ಸಾರ್ವಜನಿಕ ಜಾಗವನ್ನು ಮರಳಿ ಪಡೆಯಿತು. 21,000ಕ್ಕೂ ಹೆಚ್ಚು ಹೇಳಿಕೆಗಳು ದಾಖಲಾದವು.

ವಿಚಾರಣೆಗೆ ಬಂದ ಈ ಪ್ರಾರ್ಥನೆಯ ರೀತಿಯನ್ನು ಎಲ್ಲರೂ ಮೆಚ್ಚಿರಲಿಲ್ಲ. ಆಯೋಗದ ಜೊಹಾನ್ಸ್‌ಬರ್ಗ್ ಕಚೇರಿಯ ಮುಖ್ಯಸ್ಥರಾಗಿದ್ದ ಫಜಲ್ ರಂದೇರಾ, ಇದು ಕಾನೂನಿನ ವಿಚಾರಣೆ, ಇಲ್ಲಿ ಪ್ರಾರ್ಥನೆ ಏಕೆ ಎಂಬ ಆಕ್ಷೇಪ ಎತ್ತಿದರು. ಮೌನದಿಂದ ಆರಂಭಿಸೋಣ ಎಂದು ಒಪ್ಪಂದವಾಯಿತು. ಮೌನ ಮುಗಿದು ಸಾಕ್ಷಿ ಶುರುವಾಗಬೇಕು, ಆದರೆ ಟುಟು ಅವರಿಂದ ಮುಂದುವರಿಯಲು ಆಗಲಿಲ್ಲ. ಹೀಗೆ ಶುರು ಮಾಡಲು ಬರುವುದಿಲ್ಲ ಎಂದು ಪ್ರಾರ್ಥಿಸಿಯೇಬಿಟ್ಟರು. ರಂದೇರಾ ಅವರ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಹಿಂದೂಗಳು, ಮುಸ್ಲಿಮರು, ಯೆಹೂದ್ಯರು, ಯಾವ ದೇವರನ್ನೂ ನಂಬದವರು ಎಲ್ಲರಿಗೂ ಸೇರಿದ ಸಂಸ್ಥೆಯಲ್ಲಿ ಒಂದು ಧರ್ಮದ ನುಡಿಗಟ್ಟು ಮೇಲುಗೈ ಪಡೆದರೆ, ಕ್ಷಮಿಸದೆ ಇರುವವರು ಕೀಳೆಂಬ ಭಾವನೆ ಹುಟ್ಟುತ್ತದೆ. ಹೆಂಗಸರ ಮೇಲೆ ಇನ್ನೊಂದು ಒತ್ತಡವೂ ಇತ್ತು. ಗಂಡನ, ಮಗನ ಸಾವಿನ ಕಥೆ ಹೇಳಲು ಬಂದವರು ತಮ್ಮ ಮೇಲೆ ನಡೆದದ್ದನ್ನು ಹೇಳದೆ ಹೋಗುತ್ತಿದ್ದುದನ್ನು ಕಂಡು ಆಯೋಗ ಹೆಂಗಸರಿಗಾಗಿಯೇ ವಿಶೇಷ ವಿಚಾರಣೆಗಳನ್ನು ನಡೆಸಿತು.

ಕಾಯಿದೆಗೂ ದೇವಶಾಸ್ತ್ರಕ್ಕೂ ಇದ್ದ ದೊಡ್ಡ ಬಿರುಕು ಕ್ಷಮಾದಾನದ ವಿಚಾರದಲ್ಲಿ. ಅಪರಾಧ ರಾಜಕೀಯ ಉದ್ದೇಶದ್ದಾಗಿದ್ದು, ಮಾಡಿದವನು ಪೂರ್ತಿ ಸತ್ಯ ಹೇಳಿದರೆ ಕಾನೂನಿನ ಕ್ಷಮಾದಾನ ಸಿಗುತ್ತಿತ್ತು. ಪಶ್ಚಾತ್ತಾಪ ಪಡಬೇಕೆಂಬ ಷರತ್ತು ಇರಲಿಲ್ಲ. 7,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, 849 ಜನರಿಗೆ ಸಿಕ್ಕಿತು. ಪೊಲೀಸರ ವಶದಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬೀಕೊ ಅವರ ಕುಟುಂಬ ಇದನ್ನು ಒಪ್ಪದೆ ಇತರ ಕುಟುಂಬಗಳ ಜೊತೆ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. 1996ರಲ್ಲಿ ಅರ್ಜಿ ವಜಾ ಆಯಿತು. ಕ್ಷಮಾದಾನ ಕೊಟ್ಟದ್ದು ಪ್ರಭುತ್ವ. ಪ್ರಭುತ್ವ ಕೊಟ್ಟದ್ದನ್ನು ಸುವಾರ್ತೆಯ ಕ್ಷಮೆಯೆಂದು ಕರೆದ ಬೋಧಕರು ನೊಂದವರಿಗೆ ಎರಡನೆಯ ಸಲ ಅನ್ಯಾಯ ಮಾಡಿದರು.

ಈ ಎರಡರ ವ್ಯತ್ಯಾಸವನ್ನು ಯಾವ ಪಂಡಿತರಿಗಿಂತಲೂ ಸ್ಪಷ್ಟವಾಗಿ ಹೇಳಿದ್ದು ಆರಾಧನೆಯ ನಡುವೆಯೇ ಎಲ್ಲವನ್ನೂ ಕಳೆದುಕೊಂಡವರೊಬ್ಬರು. 1993ರ ಜುಲೈ 25ರ ಭಾನುವಾರ ಸಂಜೆ ಕೇಪ್ ಟೌನಿನ ಸೇಂಟ್ ಜೇಮ್ಸ್ ಚರ್ಚಿನ ಆರಾಧನೆಗೆ ಆಜಾನಿಯನ್ ಪೀಪಲ್ಸ್ ಲಿಬರೇಷನ್ ಆರ್ಮಿ ಎಂಬ ವರ್ಣಭೇದ ವಿರೋಧಿ ಸಶಸ್ತ್ರ ಗುಂಪಿನ ತರುಣರು ನುಗ್ಗಿ ಗ್ರೆನೇಡ್ ಎಸೆದು ಗುಂಡು ಹಾರಿಸಿದರು. 11 ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 1997ರ ಕ್ಷಮಾದಾನ ವಿಚಾರಣೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ವ್ಯಕ್ತಿಯೊಬ್ಬರು ಆ ತರುಣರು ತಮ್ಮತ್ತ ತಿರುಗಿ ಮುಖ ನೋಡಬೇಕೆಂದು ಕೇಳಿಕೊಂಡರು. ಬಾಗಿಲ ಬಳಿ ಕೂತಿದ್ದ ತಮ್ಮ ಹೆಂಡತಿಯ ನೆನಪಿದೆಯೇ ಎಂದು ಕೇಳಿ ಅತ್ತರು. ತಮಗಾದ ನೋವನ್ನು ಷರತ್ತಿಲ್ಲದೆ ಕ್ಷಮಿಸುವುದಾಗಿ ಹೇಳಿದರು. ಆದರೆ ಅವರು ಮಾಡಿದ ಪಾಪವನ್ನು ಕ್ಷಮಿಸುವ ಅಧಿಕಾರ ತಮಗಿಲ್ಲ, ಅದು ದೇವರೊಬ್ಬನದು ಎಂದರು. ನೊಂದವನ ಕ್ಷಮೆ, ದೇವರ ಕ್ಷಮೆ, ಪ್ರಭುತ್ವದ ಕ್ಷಮಾದಾನ: ಈ ಮೂರನ್ನೂ ಒಂದರೊಡನೊಂದು ಬೆರೆಸದೆ ಹೇಳಿದ ಆ ಮಾತು ದೇವಶಾಸ್ತ್ರದ ತರಗತಿಗಳಲ್ಲಿ ಪಾಠವಾಗಬೇಕಾದದ್ದು. ತಲೆ ತಗ್ಗಿಸಿದ್ದವರು ಮುಖ ಎತ್ತಿ ನೋಡಲಿ ಎಂದು ಕೇಳಿದ್ದೂ ಅಷ್ಟೇ ಮುಖ್ಯ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಾಪನಿವೇದನೆ ಪೂರ್ತಿಯಾಗುವುದಿಲ್ಲ.

ಆಯೋಗ ಮುಗಿದ ಮೇಲೂ ಉಳಿದ ಗಾಯಗಳ ಕೆಲಸ ಸಣ್ಣ ಗುಂಪುಗಳಲ್ಲಿ ನಡೆದಿದೆ. ಆಂಗ್ಲಿಕನ್ ಪಾದ್ರಿ ಮೈಕೆಲ್ ಲ್ಯಾಪ್ಸ್ಲಿ 1990ರಲ್ಲಿ ಹರಾರೆಯಲ್ಲಿದ್ದಾಗ ಧಾರ್ಮಿಕ ಪತ್ರಿಕೆಗಳ ನಡುವೆ ಅಡಗಿಸಿ ಅಂಚೆಯಲ್ಲಿ ಕಳಿಸಿದ ಬಾಂಬು ಸಿಡಿದು ಎರಡೂ ಕೈಗಳನ್ನೂ ಒಂದು ಕಣ್ಣನ್ನೂ ಕಳೆದುಕೊಂಡರು. 1998ರಲ್ಲಿ ಅವರು ಕೇಪ್ ಟೌನಿನಲ್ಲಿ ನೆನಪುಗಳ ಉಪಶಮನಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಅದರ ಶಿಬಿರಗಳಲ್ಲಿ ಜನ ತಮ್ಮ ಕಥೆ ಹೇಳುತ್ತಾರೆ, ಇತರರದನ್ನು ಕೇಳುತ್ತಾರೆ, ಕೊನೆಯಲ್ಲಿ ಎಲ್ಲರೂ ಸೇರಿ ತಾವೇ ರೂಪಿಸಿದ ಆರಾಧನೆಯಂಥ ಆಚರಣೆ ನಡೆಸುತ್ತಾರೆ. ಬಾಂಬು ಕಳಿಸಿದವರನ್ನು ಕ್ಷಮಿಸಿದ್ದೀರಾ ಎಂಬ ಪ್ರಶ್ನೆ ಲ್ಯಾಪ್ಸ್ಲಿ ಅವರಿಗೆ ಎಲ್ಲ ಕಡೆಯೂ ಎದುರಾಗುತ್ತದೆ. ಯಾರೂ ಮುಂದೆ ಬಂದು ತಪ್ಪೊಪ್ಪಿಕೊಂಡಿಲ್ಲ, ಹಾಗಾಗಿ ಕ್ಷಮಿಸಲು ಇನ್ನೂ ಯಾರೂ ಇಲ್ಲ ಎಂಬುದು ಅವರ ಉತ್ತರ. ಅವರು ಹೇಳುವ ಇನ್ನೊಂದು ಕಥೆ ಸೈಕಲ್ಲಿನದು. ಸೈಕಲ್ ಕದ್ದವನು ಬಂದು ಕ್ಷಮೆ ಕೇಳುತ್ತಾನೆ, ಕ್ಷಮೆ ಸಿಗುತ್ತದೆ, ಆದರೆ ಸೈಕಲ್ ಅವನ ಬಳಿಯೇ ಉಳಿಯುತ್ತದೆ.

ಲೂಕನ ಸುವಾರ್ತೆಯ ಜಕ್ಕಾಯನು ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಹೇಳಿದ ಮೇಲೆಯೇ ಅವನ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು. ರಸ್ಟೆನ್‌ಬರ್ಗ್‌ನ ಘೋಷಣೆಯೂ ತಪ್ಪೊಪ್ಪಿಗೆಗೆ ನಿಲ್ಲದೆ ಚರ್ಚುಗಳು ತಮ್ಮ ಭೂಮಿಯ ಒಡೆತನವನ್ನು ಪರಿಶೀಲಿಸಬೇಕು, ಕಿತ್ತುಕೊಂಡ ನೆಲ ಮರಳಬೇಕು ಎಂದಿತ್ತು. ಸತ್ಯ ಮತ್ತು ಸಂಧಾನ ಆಯೋಗ ನೊಂದವರೆಂದು ಗುರುತಿಸಿದವರಿಗೆ ಆರು ವರ್ಷಗಳ ಕಾಲ ವರ್ಷಕ್ಕೆ 17,000ದಿಂದ 23,000 ರ‍್ಯಾಂಡ್‌ವರೆಗೆ ಪರಿಹಾರ ಕೊಡಬೇಕೆಂದೂ, ವರ್ಣಭೇದ ನೀತಿಯಿಂದ ಲಾಭ ಪಡೆದವರ ಮೇಲೆ ಸಂಪತ್ತಿನ ತೆರಿಗೆ ಹಾಕಬಹುದೆಂದೂ ಸಲಹೆ ಮಾಡಿತು. 2003ರಲ್ಲಿ ರಾಷ್ಟ್ರಾಧ್ಯಕ್ಷ ಥಾಬೊ ಎಂಬೆಕಿ ಸಂಸತ್ತಿನ ಮುಂದೆ ಪ್ರಕಟಿಸಿದ್ದು ಒಂದೇ ಸಲದ 30,000 ರ‍್ಯಾಂಡ್. ಸಂಪತ್ತಿನ ತೆರಿಗೆಯ ಸಲಹೆಯನ್ನು ಸರಕಾರ ಒಪ್ಪಲಿಲ್ಲ.